ಕಿವಿಯೊಳಗೆ ಬಂದು ಕುಳಿತ ಧ್ವನಿ

ಶಾರ್ಜಾದಲ್ಲಿ ಕೆಲಸ ಮಾಡುವ ನಮ್ಮ ಸೋದರಳಿಯ ಕಳೆದ ಸಲ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಕೈಗೊಂದು ಬಿಳಿ ಡಬ್ಬಿ ಇಟ್ಟ. ಎಲೆಅಡಿಕೆಯವರ ಸುಣ್ಣದ ಡಬ್ಬಿಗಿಂತ ತುಸು ದೊಡ್ಡದು. ಮುಚ್ಚಳ ತೆರೆದರೆ ಗೋಡಂಬಿಯಂತೆ ಬಾಗಿದ ಎರಡು ಇಯರ್‌ಬಡ್‌ಗಳು. ತಂತಿಯಿಲ್ಲ, ಗುಂಡಿಯಿಲ್ಲ. “ಮಾಮ, ಇನ್ನು ಫೋನನ್ನು ಕಿಸೆಯಿಂದ ತೆಗೆಯಬೇಕೆಂದಿಲ್ಲ. ಬಾಯಲ್ಲಿ ಹೇಳಿದರೆ ಸಾಕು, ಇದರೊಳಗಿರುವವಳು ಎಲ್ಲ ಮಾಡಿಕೊಡುತ್ತಾಳೆ” ಎಂದ.

ಮರುವಾರ ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಅದನ್ನು ಪರೀಕ್ಷಿಸಿದೆವು. ಶಿರಾಡಿ ಘಾಟಿ ಹತ್ತುವ ಮೊದಲು ಮನೆಗೊಂದು ಮಾತು ಹೇಳೋಣವೆಂದು, ಅಳಿಯ ಕಲಿಸಿದಂತೆ ಆ ಸಹಾಯಕಿಯ ಹೆಸರು ಹಿಡಿದು ಕರೆದು, “ಉಮ್ಮನಿಗೆ ಫೋನ್ ಮಾಡು” ಎಂದೆವು. ಅವಳು ವಿನಯದಿಂದ “ಆಗಲಿ” ಎಂದಳು. ರಿಂಗಾಯಿತು. ಎತ್ತಿದವರು ನಮ್ಮ ಊರಿನ ಉಮ್ಮರ್ ಟೈಲರ್. ಎರಡು ತಿಂಗಳಿಂದ ನಮ್ಮ ಅಂಗಿಯ ಬಟ್ಟೆ ಇಟ್ಟುಕೊಂಡಿದ್ದ ಅವರು, ನಾವು ಬಾಯಿ ತೆರೆಯುವ ಮೊದಲೇ “ಗುರುವಾರ ಖಂಡಿತ ಕೊಡುತ್ತೇನೆ” ಎಂದರು. ಮತ್ತೊಮ್ಮೆ ಕರೆದೆವು. ಮತ್ತೆ ಉಮ್ಮರ್ ಟೈಲರ್. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿಯೇ “ಉಮ್ಮ” ಎಂದಾಗ ಪಕ್ಕದ ಸೀಟಿನ ಹಿರಿಯರೊಬ್ಬರು ನಮ್ಮನ್ನು ಕನಿಕರದಿಂದ ನೋಡಿದರು. ಹಿಂದೆಲ್ಲ ಬಸ್ಸಿನಲ್ಲಿ ತನ್ನಷ್ಟಕ್ಕೆ ಮಾತಾಡುವವನಿಗೆ ತಲೆ ಸರಿಯಿಲ್ಲವೆಂದು ಅರ್ಥ. ಈಗ ಅವನ ಬಳಿ ಇಯರ್‌ಬಡ್ ಇದೆಯೆಂದು ಅರ್ಥ. ಎರಡನ್ನೂ ಬೇರ್ಪಡಿಸಲು ಕಿವಿಯನ್ನೇ ಬಗ್ಗಿ ನೋಡಬೇಕು.

ಮನುಷ್ಯನ ಕಿವಿಗೆ ಹೊರಗಿನ ಧ್ವನಿಯೊಂದು ಬಂದು ಹೀಗೆ ಬಿಡಾರ ಹೂಡಿದ್ದು ಯಾವಾಗ? ಬಸ್ಸು ಘಾಟಿ ಹತ್ತುತ್ತಿದ್ದಂತೆ ಈ ಪ್ರಶ್ನೆ ನಮ್ಮನ್ನು ಹಿಡಿದುಕೊಂಡಿತು. ಕಳೆದ ಹತ್ತು ವರ್ಷಗಳ ಬೆಳವಣಿಗೆಯೆಂದೇ ನಾವು ತಿಳಿದಿದ್ದೆವು. ಹುಡುಕುತ್ತಾ ಹೋದರೆ ಬೇರು 1881ರವರೆಗೂ ಇಳಿಯುತ್ತದೆ.

ಒಪೆರಾದಿಂದ ಅಡುಗೆ ಮನೆಗೆ

ಆ ವರ್ಷ ಪ್ಯಾರಿಸ್‌ನಲ್ಲಿ ವಿದ್ಯುತ್ತಿನ ಅಂತಾರಾಷ್ಟ್ರೀಯ ಪ್ರದರ್ಶನ ನಡೆಯಿತು. ಕ್ಲೆಮೆಂ ಆಡೆರ್ ಎಂಬ ಎಂಜಿನಿಯರ್ ಒಪೆರಾ ರಂಗಮಂದಿರದ ವೇದಿಕೆಯಲ್ಲಿ ಟೆಲಿಫೋನಿನ ಮೈಕುಗಳನ್ನಿಟ್ಟು, ಅಲ್ಲಿಂದ ಎರಡು ಕಿಲೋಮೀಟರಿಗೂ ದೂರದ ಪ್ರದರ್ಶನ ಭವನಕ್ಕೆ ತಂತಿ ಎಳೆದ. ಜನ ಸಾಲುಗಟ್ಟಿ ನಿಂತು ಒಂದೊಂದು ಕಿವಿಗೆ ಒಂದೊಂದು ರಿಸೀವರ್ ಹಿಡಿದು ಸಂಗೀತ ಕೇಳಿದರು. ಎರಡು ಕಿವಿಗೆ ಎರಡು ಬೇರೆ ಮೈಕಿನ ಧ್ವನಿ ಬರುತ್ತಿದ್ದುದರಿಂದ ಹಾಡುಗಾರ ವೇದಿಕೆಯ ಯಾವ ಬದಿಯಲ್ಲಿ ನಿಂತಿದ್ದಾನೆಂಬುದೂ ಗೊತ್ತಾಗುತ್ತಿತ್ತು. ನಾವೀಗ ಸ್ಟೀರಿಯೋ ಎನ್ನುವುದು ಅದನ್ನೇ. ಕೇಳಿದವರಲ್ಲಿ ವಿಕ್ಟರ್ ಹ್ಯೂಗೋ ಕೂಡ ಒಬ್ಬ. ಮುಂದೆ 1890ರಲ್ಲಿ ಇದೇ ‘ಥಿಯಾಟ್ರೋಫೋನ್’ ಎಂಬ ವ್ಯಾಪಾರವಾಯಿತು. ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಕೆಲವು ನಿಮಿಷ ನಾಟಕ ಕೇಳಬಹುದಿತ್ತು. ಬುಡಾಪೆಸ್ಟ್‌ನಲ್ಲಿ 1893ರಿಂದ ಟೆಲಿಫೋನಿನಲ್ಲೇ ಸುದ್ದಿ ಓದುವ ಸೇವೆ ಬಂತು. ಲಂಡನ್ನಿನಲ್ಲಿ 1895ರಲ್ಲಿ ‘ಎಲೆಕ್ಟ್ರೋಫೋನ್’ ಆರಂಭವಾಯಿತು. ಚಂದಾ ಕಟ್ಟಿದವರು ಮನೆಯಲ್ಲೇ ಕುಳಿತು ನಾಟಕವನ್ನೂ ಭಾನುವಾರದ ಚರ್ಚಿನ ಪ್ರವಚನವನ್ನೂ ಕೇಳುತ್ತಿದ್ದರು. ಆದರೆ ಇದೆಲ್ಲ ಉಳ್ಳವರ ಸೊಗಸು.

ಕಿವಿಯೊಳಗೇ ತೂರಿಸುವ ಸಾಧನಕ್ಕೂ ಅಷ್ಟೇ ವಯಸ್ಸು. ಫ್ರಾನ್ಸಿನ ಅರ್ನೆಸ್ಟ್ ಮರ್ಕಾಡಿಯೆ 1891ರಲ್ಲಿ ಪೇಟೆಂಟ್ ಪಡೆದ ರಿಸೀವರ್ ಸುಮಾರು 50 ಗ್ರಾಂ ತೂಗುತ್ತಿತ್ತು. ಟೆಲಿಫೋನ್ ಆಪರೇಟರುಗಳ ಕೈ ಬಿಡುವಾಗಲಿ ಎಂಬುದು ಅವನ ಉದ್ದೇಶ. ಕಿವಿ ನೋಯದಂತೆ ರಬ್ಬರಿನ ಹೊದಿಕೆಯನ್ನೂ ಯೋಚಿಸಿದ್ದ.

ಆದರೆ ಈ ಚರಿತ್ರೆಯಲ್ಲಿ ನಮಗೆ ಬಲು ಇಷ್ಟವಾದ ವ್ಯಕ್ತಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್. ಮಾರ್ಮನ್ ಪಂಥದ ಈ ದೈವಭಕ್ತನಿಗೆ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಆ ಕೊರತೆಯಿಂದಲೇ ಅವನು ಧ್ವನಿ ಹೆಚ್ಚಿಸುವ ಸಾಧನಗಳ ಬೆನ್ನುಹತ್ತಿದನೆನ್ನುತ್ತಾರೆ. 1910ರಲ್ಲಿ ತನ್ನ ಹೆಡ್‌ಫೋನನ್ನು ಅಮೆರಿಕದ ನೌಕಾಪಡೆಗೆ ಕಳುಹಿಸಿದ. ಪರೀಕ್ಷಿಸಿದವರು ಬೆರಗಾದರು. ಅದು ಅವರ ಬಳಿ ಇದ್ದ ಎಲ್ಲ ಉಪಕರಣಗಳಿಗಿಂತ ಮೇಲಾಗಿತ್ತು. ಹೆಚ್ಚು ಬೇಕೆಂದು ಕೇಳಿದಾಗ ಬಾಲ್ಡ್‌ವಿನ್ ಒಮ್ಮೆಗೆ ಹತ್ತು ಮಾತ್ರ ಕೊಡಬಲ್ಲೆನೆಂದು ಉತ್ತರಿಸಿದ. ಏಕೆಂದರೆ ಅವನ ಕಾರ್ಖಾನೆ ಅವನ ಮನೆಯ ಅಡುಗೆ ಕೋಣೆ. ಮೊದಲ ಮಹಾಯುದ್ಧದ ಹೊತ್ತಿಗೆ ಅವನು ಶ್ರೀಮಂತನಾದ. ಪಂಥದೊಳಗಿನ ಒಂದು ಬಣದ ಬೆನ್ನಿಗೆ ನಿಂತು ಹಣವನ್ನೆಲ್ಲ ಸುರಿದು ಕೊನೆಗೆ ದಿವಾಳಿಯೂ ಆದ. ಪ್ರವಚನ ಕೇಳಲೆಂದು ಹೊರಟವನ ಸಾಧನವನ್ನು ಯುದ್ಧನೌಕೆಗಳು ಧರಿಸಿದವು.

ರೇಡಿಯೋದ ಮೊದಲ ದಿನಗಳೂ ಹೆಡ್‌ಫೋನಿನ ದಿನಗಳೇ. ಕ್ರಿಸ್ಟಲ್ ಸೆಟ್ಟುಗಳಿಗೆ ಬ್ಯಾಟರಿ ಬೇಕಿರಲಿಲ್ಲ. ಗೆಲೀನಾ ಎಂಬ ಖನಿಜದ ಹರಳಿನ ಮೇಲೆ ತೆಳ್ಳಗಿನ ತಂತಿ ಮುಟ್ಟಿಸಿದರೆ ಅದು ಗಾಳಿಯಲ್ಲಿನ ತರಂಗವನ್ನು ಹಿಡಿಯುತ್ತಿತ್ತು. ಗೆಲೀನಾ ಬಳಸಿ ತರಂಗ ಹಿಡಿಯುವ ಸಾಧನಕ್ಕೆ ಅಮೆರಿಕದ ಪೇಟೆಂಟ್ 1904ರಲ್ಲಿ ದೊರೆತದ್ದು ಕಲ್ಕತ್ತೆಯ ಜಗದೀಶ್‌ಚಂದ್ರ ಬೋಸರಿಗೆ ಎಂಬುದನ್ನು ನಾವು ಮರೆಯಬಾರದು. ಆದರೆ ಈ ಸೆಟ್ಟುಗಳಿಗೆ ಧ್ವನಿವರ್ಧಕ ನಡೆಸುವಷ್ಟು ಶಕ್ತಿಯಿರಲಿಲ್ಲ. ಕಿವಿಗೆ ಒತ್ತಿ ಹಿಡಿದವನಿಗೆ ಮಾತ್ರ ಕೇಳುತ್ತಿತ್ತು. ಉಳಿದವರಿಗೂ ಕೇಳಿಸಬೇಕಾದರೆ ಹೆಡ್‌ಫೋನನ್ನು ದೊಡ್ಡ ಬಟ್ಟಲಿನೊಳಗಿಟ್ಟು ಮನೆಮಂದಿಯೆಲ್ಲ ಸುತ್ತ ತಲೆ ಬಾಗಿಸಿ ಕುಳಿತುಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರಲ್ಲ, ಆ ಹೆಸರೇ ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋದ ಹೆಸರಾಯಿತು. ಆಕಾಶದಿಂದ ಬರುವ ಮಾತು ಒಬ್ಬನಿಗಾಗಿ ಬರುವುದಲ್ಲ. ಲೌಡ್‌ಸ್ಪೀಕರು ಬಂದ ಮೇಲೆ ರೇಡಿಯೋ ಕಿವಿಯಿಂದ ಇಳಿದು ಪಡಸಾಲೆಯ ಮೇಜನ್ನೂ ಪಂಚಾಯತಿ ಕಟ್ಟೆಯನ್ನೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಬದಿಯನ್ನೂ ಸೇರಿತು.

ಕ್ಯಾಸೆಟ್ಟಿನ ಎರಡು ಬದಿ

ಫಿಲಿಪ್ಸ್ ಕಂಪೆನಿ 1963ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶಿಸಿದ ಕ್ಯಾಸೆಟ್ ನಮ್ಮ ಕರಾವಳಿಯ ಮನೆಗಳಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಗೆ, ಗಲ್ಫಿನ ದಾರಿಯಾಗಿ. ತೈಲದ ಬೆಲೆ 1973ರಲ್ಲಿ ಏರಿದ ಮೇಲೆ ಮರುಭೂಮಿಯಲ್ಲಿ ಕೆಲಸ ಹುಟ್ಟಿತು. ನಮ್ಮ ತಂದೆಯ ಪ್ರಾಯದವರೆಲ್ಲ ಬೊಂಬಾಯಿಗೆ ಹೋಗಿ ಅಲ್ಲಿಂದ ಹೊರಟರು. ಎರಡು ವರ್ಷಕ್ಕೊಮ್ಮೆ ಬರುವಾಗ ಪೆಟ್ಟಿಗೆಯಲ್ಲಿ ಸೆಂಟು, ಬಟ್ಟೆ, ಟಾರ್ಚು, ಎಲ್ಲಕ್ಕಿಂತ ಮೇಲೆ ಒಂದು ಟೇಪ್‌ರೆಕಾರ್ಡರ್.

ಆ ಟೇಪ್‌ರೆಕಾರ್ಡರಿನಲ್ಲಿ ಹಾಡಿಗಿಂತ ಹೆಚ್ಚಾಗಿ ಕಾಗದ ಕೇಳುತ್ತಿದ್ದೆವು. ಹೌದು, ಕಾಗದವನ್ನೇ. ಟ್ರಂಕ್ ಕಾಲ್ ದುಬಾರಿ, ಪೋಸ್ಟಿನ ಕಾಗದ ಓದಲು ಮನೆಯ ಹೆಂಗಸರಲ್ಲಿ ಅನೇಕರಿಗೆ ಬಾರದು. ಆದ್ದರಿಂದ ಅಲ್ಲಿನ ಕೋಣೆಯಲ್ಲಿ ಕುಳಿತು ಖಾಲಿ ಕ್ಯಾಸೆಟ್ಟಿಗೆ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ನಮ್ಮ ಉಪ್ಪ ದಮ್ಮಾಮಿನಿಂದ ಕಳುಹಿಸಿದ ಕ್ಯಾಸೆಟ್ ಬಂದ ದಿನ ಮನೆಯೊಳಗೆ ಜಾಗವಿರುತ್ತಿರಲಿಲ್ಲ. ಅಕ್ಕಪಕ್ಕದವರೂ ಬಂದು ಚಾಪೆಯಲ್ಲಿ ಕುಳಿತುಕೊಳ್ಳುವರು. ಸಲಾಂ ಹೇಳುವುದರಿಂದ ಆರಂಭ. ಮತ್ತೆ ಅಜ್ಜಿಯಿಂದ ಹಿಡಿದು ಕೆಲಸದಾಳಿನವರೆಗೆ ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ಸಮಾಚಾರ. ತಮ್ಮ ಹೆಸರು ಬಂದಾಗ ಅವರವರು ಟೇಪಿಗೇ ಉತ್ತರ ಕೊಡುವುದೂ ಇತ್ತು. ಹಿಂದಿನಿಂದ ಅಲ್ಲಿನ ಏರ್‌ಕಂಡಿಷನರಿನ ಗುಂಯ್ ಎಂಬ ಸದ್ದು, ಯಾರೋ ಪಾತ್ರೆ ತೊಳೆಯುವ ಸದ್ದು. ಮರುಭೂಮಿ ಎಂದರೆ ನಮಗೆ ಇಂದಿಗೂ ಆ ಗುಂಯ್ ಸದ್ದೇ.

ಒಂದು ಬದಿ ಮುಗಿದಾಗ ಅಜ್ಜಿ ಎದ್ದುಬಿಡುವರು. ಎರಡನೆಯ ಬದಿ ಉಮ್ಮನಿಗೆ. ಟೇಪ್‌ರೆಕಾರ್ಡರಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಒಂಟಿ ಕಿವಿಯ ಇಯರ್‌ಫೋನ್ ಬರುತ್ತಿತ್ತು. ಗಂಡಸರಿಗೆ ಅದರ ನೆನಪೇ ಇರಲಿಲ್ಲ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಉಮ್ಮ ಅದನ್ನು ಸಿಕ್ಕಿಸಿ ಸೆರಗಿನಡಿ ಕಿವಿಗೆ ಒತ್ತಿ ಹಿಡಿದು ಗೋಡೆಗೆ ಮುಖಮಾಡಿ ಕುಳಿತಿರುತ್ತಿದ್ದರು. ಇಪ್ಪತ್ತು ಮೂವತ್ತು ಜನರಿದ್ದ ಕೂಡುಕುಟುಂಬದಲ್ಲಿ ಆಕೆಗೆಂದು ಇದ್ದ ಖಾಸಗಿ ಜಾಗ ಆ ಒಂದು ಕಿವಿಯಷ್ಟೇ. ಇಯರ್‌ಫೋನ್ ಮನುಷ್ಯನನ್ನು ಒಂಟಿ ಮಾಡಿತೆಂದು ದೂರುವವರ ಜತೆ ನಾವು ಪೂರ್ತಿ ಸೇರದಿರುವುದಕ್ಕೆ ಈ ದೃಶ್ಯವೇ ಕಾರಣ.

ದೂರುವವರಲ್ಲಿ ಮೊದಲಿಗನೇ ಅದನ್ನು ಮಾರಿದವನು ಎಂಬುದು ತಮಾಷೆ. ಸೋನಿ ಕಂಪೆನಿ 1979ರ ಜುಲೈ 1ರಂದು ವಾಕ್‌ಮನ್ ಬಿಡುಗಡೆ ಮಾಡಿತು. ಬೆಲೆ 33,000 ಯೆನ್. ಅದರ ಮುಖ್ಯಸ್ಥ ಅಕಿಯೋ ಮೊರಿಟಾ ಮನೆಯಲ್ಲಿ ಅದನ್ನು ಪರೀಕ್ಷಿಸುತ್ತಿದ್ದಾಗ ಹೆಂಡತಿಗೆ ತಾನು ದೂರವಿಟ್ಟಂತೆ ಅನಿಸಿತಂತೆ. ಒಬ್ಬನೇ ಕೇಳುವುದು ಅಸಭ್ಯವೆಂದು ಮೊರಿಟಾಗೂ ತೋರಿತು. ಆದ್ದರಿಂದ ಮೊದಲ ವಾಕ್‌ಮನ್‌ನಲ್ಲಿ ಎರಡು ಹೆಡ್‌ಫೋನ್ ಸಿಕ್ಕಿಸುವ ಎರಡು ತೂತುಗಳಿದ್ದವು. ಜತೆಗೊಂದು ಕಿತ್ತಳೆ ಬಣ್ಣದ ಗುಂಡಿ. ಒತ್ತಿದರೆ ಸಂಗೀತ ತಗ್ಗಿ ಮೈಕಿನ ಮೂಲಕ ಪಕ್ಕದವನ ಮಾತು ಕೇಳುತ್ತಿತ್ತು. ಮೊದಲ ತಿಂಗಳು 3,000 ಮಾತ್ರ ಮಾರಾಟವಾಯಿತು. ಆಗಸ್ಟ್ ಮುಗಿಯುವುದರೊಳಗೆ ತಯಾರಿಸಿದ 30,000ವೂ ಖಾಲಿ. ಆದರೆ ಜನ ಒಂದು ವಿಷಯವನ್ನು ತೋರಿಸಿಕೊಟ್ಟರು: ವಾಕ್‌ಮನ್ ಪ್ರತಿಯೊಬ್ಬರಿಗೂ ತಮ್ಮದೇ ಬೇಕಿತ್ತು. ಎರಡನೆಯ ತೂತೂ ಕಿತ್ತಳೆ ಗುಂಡಿಯೂ ಮುಂದಿನ ಮಾದರಿಗಳಲ್ಲಿ ಮಾಯವಾದವು.

ವಿಮಾನದಲ್ಲಿ ಹುಟ್ಟಿದ ನಿಶ್ಶಬ್ದ, ರಾಜನ ಹಲ್ಲು

ಇಂದಿನ ಇಯರ್‌ಬಡ್ ಹೊರಗಿನ ಗದ್ದಲವನ್ನು ಅಳಿಸುತ್ತದೆ. ಸದ್ದಿನ ಅಲೆಗೆ ತದ್ವಿರುದ್ಧವಾದ ಇನ್ನೊಂದು ಅಲೆ ಹುಟ್ಟಿಸಿದರೆ ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಜರ್ಮನಿಯ ಪೌಲ್ ಲುಯೆಗ್ 1930ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅದನ್ನು ಕಿವಿಗೆ ತಂದವರು ಅಮರ್ ಬೋಸ್. ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ ಬಂಗಾಳಿ ಕ್ರಾಂತಿಕಾರಿಯೊಬ್ಬರ ಮಗ ಅವರು. 1978ರಲ್ಲಿ ಯುರೋಪಿನಿಂದ ಮರಳುವ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಸದ್ದಲ್ಲದೆ ಬೇರೇನೂ ಕೇಳಿಸದಾಗ, ಸೀಟಿನಲ್ಲೇ ಕಾಗದ ತೆಗೆದು ಲೆಕ್ಕ ಹಾಕತೊಡಗಿದರು. ಮಾರುಕಟ್ಟೆಗೆ ಬರಲು ಹನ್ನೊಂದು ವರ್ಷ ಹಿಡಿಯಿತು. 1989ರಲ್ಲಿ ಅದು ಬಂದದ್ದು ಪೈಲಟ್‌ಗಳಿಗಾಗಿ.

ತಂತಿಯನ್ನು ಕತ್ತರಿಸಿದ್ದು ಸ್ವೀಡನ್ನಿನ ಎರಿಕ್ಸನ್ ಕಂಪೆನಿ. ಲುಂಡ್ ನಗರದಲ್ಲಿ 1994ರ ಹೊತ್ತಿಗೆ ಯಾಪ್ ಹಾರ್ಟ್‌ಸೆನ್, ಸ್ವೆನ್ ಮ್ಯಾಟಿಸನ್ ಮೊದಲಾದವರು ಕಡಿಮೆ ದೂರದ ರೇಡಿಯೋ ಸಂಪರ್ಕಕ್ಕೆ ಕೈಹಾಕಿದರು. 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್, ವೈಕಿಂಗರ ಚರಿತ್ರೆ ಓದುತ್ತಿದ್ದವನು, ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರನ್ನು ಸೂಚಿಸಿದ. ಒಡೆದ ನಾಡುಗಳನ್ನು ಒಂದು ಮಾಡಿದ ದೊರೆ ಅವನು. ಸತ್ತ ಹಲ್ಲೊಂದು ನೀಲಿಗಟ್ಟಿದ್ದರಿಂದ ‘ಬ್ಲೂಟೂತ್’ ಎಂಬ ಹೆಸರು ಬಂತೆನ್ನುತ್ತಾರೆ. ತಾತ್ಕಾಲಿಕವೆಂದು ಇಟ್ಟ ಹೆಸರು ಹಾಗೆಯೇ ನಿಂತುಬಿಟ್ಟಿತು. ನಮ್ಮ ಫೋನಿನಲ್ಲಿ ಕಾಣುವ ಚಿಹ್ನೆ ಅವನ ಹೆಸರಿನ ಎರಡು ಹಳೆಯ ಅಕ್ಷರಗಳನ್ನು ಕೂಡಿಸಿದ್ದು. ಒಂದೇ ಬಸ್ಸಿನಲ್ಲಿ ಇಪ್ಪತ್ತು ಜನ ಇಯರ್‌ಬಡ್ ಹಾಕಿದ್ದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಾರದಂತೆ ಈ ರೇಡಿಯೋ ಸೆಕೆಂಡಿಗೆ 1,600 ಬಾರಿ 79 ದಾರಿಗಳ ನಡುವೆ ಜಿಗಿಯುತ್ತಿರುತ್ತದೆ. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥಿಲ್ 1942ರಲ್ಲಿ ಇಂತಹ ಜಿಗಿತಕ್ಕೆ ಪೇಟೆಂಟ್ ಪಡೆದಿದ್ದರು. ಪಿಯಾನೋದ 88 ಮನೆಗಳಂತೆ 88 ದಾರಿಗಳು, ಶತ್ರುವಿಗೆ ಸಿಗದ ಟಾರ್ಪಿಡೋಗಾಗಿ. ಆಕೆಯೇ ಬ್ಲೂಟೂತಿನ ತಾಯಿ ಎಂದು ಹೇಳುವುದು ಉತ್ಪ್ರೇಕ್ಷೆ. ಜಿಗಿತದ ಆಲೋಚನೆ ಅದಕ್ಕೂ ಹಿಂದಿನದು.

ತಂತಿಯೇ ಇಲ್ಲದೆ ಎರಡು ಕಿವಿಗೆ ಎರಡು ಬೇರೆ ಬೇರೆ ತುಂಡುಗಳನ್ನು ಕೂರಿಸುವುದು ಮಾತ್ರ ಇನ್ನೂ ಕಷ್ಟವಾಗಿತ್ತು. ನಮ್ಮ ತಲೆಯ ಹೆಚ್ಚಿನ ಪಾಲು ನೀರು. ಬ್ಲೂಟೂತಿನ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಎಡಗಿವಿಯಿಂದ ಬಲಗಿವಿಗೆ ಸುದ್ದಿ ಮುಟ್ಟುವುದು ಮಂಗಳೂರಿನಿಂದ ದುಬೈಗೆ ಮುಟ್ಟುವುದಕ್ಕಿಂತ ತ್ರಾಸದ ಕೆಲಸ! ಜರ್ಮನಿಯ ಬ್ರಾಗಿ ಎಂಬ ಸಣ್ಣ ಕಂಪೆನಿ 2014ರಲ್ಲಿ ಜನರಿಂದಲೇ ಹಣ ಎತ್ತಿ ಇದಕ್ಕಿಳಿಯಿತು, ಜಪಾನಿನ ಆನ್‌ಕ್ಯೋ 2015ರಲ್ಲಿ ಒಂದು ಜೋಡಿ ತಂದಿತು. 2016ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಫೋನಿನಿಂದ ಇಯರ್‌ಫೋನಿನ ತೂತನ್ನೇ ತೆಗೆದುಹಾಕಿ ಅದೇ ದಿನ ಏರ್‌ಪಾಡ್ಸ್ ಘೋಷಿಸಿತು. 2019ರ ಮಾರ್ಚಿನ ಎರಡನೆಯ ಮಾದರಿಯಲ್ಲಿ ಗುಂಡಿ ಒತ್ತದೆಯೇ ಹೆಸರು ಕರೆದರೆ ಸಾಕು, ಸಹಾಯಕಿ ಸಿರಿ ಎಚ್ಚರಗೊಳ್ಳುತ್ತಿದ್ದಳು. ಬಾಯಿಯಿಲ್ಲದ ಕಿವಿಯಂಚಿನ ಸಾಧನಕ್ಕೆ ಹೀಗೆ ಬಾಯಿಯೂ ಬಂತು, ಅದಕ್ಕಿಂತ ಮುಖ್ಯವಾಗಿ ಕಿವಿಯೂ.

ಕೇಳಲು ಕಲಿತ ಯಂತ್ರ

ಯಂತ್ರಕ್ಕೆ ಮಾತು ಕಲಿಸುವುದು ಸುಲಭ, ಕೇಳಲು ಕಲಿಸುವುದೇ ಕಠಿಣ. ಅಮೆರಿಕದಲ್ಲಿ 1920ರ ದಶಕದಲ್ಲಿ ‘ರೇಡಿಯೋ ರೆಕ್ಸ್’ ಎಂಬ ಆಟಿಕೆ ನಾಯಿಯಿತ್ತು. ಗೂಡಿನೊಳಗಿನ ನಾಯಿಯನ್ನು “ರೆಕ್ಸ್” ಎಂದು ಕರೆದರೆ ಛಂಗನೆ ಹೊರಗೆ ಜಿಗಿಯುತ್ತಿತ್ತು. ಅದರ ಗುಟ್ಟಿಷ್ಟೇ: ಆ ಹೆಸರಿನ ‘ಎ’ಕಾರದ ಕಂಪನಕ್ಕೆ ಸ್ಪ್ರಿಂಗೊಂದು ಕಳಚಿಕೊಳ್ಳುತ್ತಿತ್ತು. ಗಂಡಸರು ಕರೆದರೆ ಬರುವ ನಾಯಿ, ಕಂಪನ ಬೇರೆಯಾದ್ದರಿಂದ ಮಕ್ಕಳು ಕರೆದರೆ ಬಾರದೆ ಹಠ ಹಿಡಿಯುತ್ತಿತ್ತು. ಉಮ್ಮರ್ ಟೈಲರಿಗೆ ಎರಡನೆಯ ಬಾರಿ ಫೋನ್ ಹೋದಾಗ ನಮಗೆ ನೆನಪಾದದ್ದು ಈ ನಾಯಿ.

ಬೆಲ್ ಲ್ಯಾಬ್ಸ್ 1952ರಲ್ಲಿ ‘ಆಡ್ರಿ’ಯನ್ನು ಕಟ್ಟಿತು. ಆಳೆತ್ತರದ ಈ ಯಂತ್ರಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳು ಅರ್ಥವಾಗುತ್ತಿದ್ದವು, ಅದೂ ಪರಿಚಯದ ಧ್ವನಿಯಾದರೆ. 1962ರಲ್ಲಿ ಸಿಯಾಟಲ್ ಪ್ರದರ್ಶನದಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ 16 ಪದ ಕಲಿತಿತ್ತು. 1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಪಿ’ 1,011 ಪದಗಳಿಗೆ ಏರಿತು. ಅಲ್ಲಿ ಈ ಸಂಶೋಧನೆಯ ಮುಂದಾಳು ಆಂಧ್ರದ ಚಿತ್ತೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ರಾಜ್ ರೆಡ್ಡಿ. 1994ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಅಂದರೆ ಇಂಗ್ಲಿಷನ್ನು ಕೇಳಲು ಯಂತ್ರಕ್ಕೆ ಕಲಿಸಿದವರಲ್ಲಿ ಒಬ್ಬರ ತಾಯ್ನುಡಿ ತೆಲುಗು.

ಮುಂದಿನ ತಿರುವು ವ್ಯಾಕರಣ ಕೈಬಿಟ್ಟು ಲೆಕ್ಕ ಹಿಡಿದದ್ದು. ಯಾವ ಸದ್ದಿನ ನಂತರ ಯಾವ ಸದ್ದು ಬರುವ ಸಂಭವ ಎಷ್ಟು ಎಂಬುದನ್ನು ಯಂತ್ರವೇ ಸಾವಿರಾರು ಗಂಟೆಗಳ ಧ್ವನಿಮುದ್ರಣದಿಂದ ಕಲಿಯಬೇಕು. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ 2003ರಲ್ಲಿ ಆರಂಭವಾದ ಯೋಜನೆಯೊಂದರ ಕೂಸು ಸಿರಿ. 2010ರಲ್ಲಿ ಆಪಲ್ ಅದನ್ನು ಕೊಂಡು 2011ರ ಅಕ್ಟೋಬರ್ 4ರಂದು ಫೋನಿನೊಂದಿಗೆ ತೋರಿಸಿತು. ಸ್ಟೀವ್ ಜಾಬ್ಸ್ ತೀರಿಕೊಂಡದ್ದು ಅದರ ಮರುದಿನ. ಅಮೆರಿಕದಲ್ಲಿ ಸಿರಿಗೆ ಹೆಣ್ಣುಧ್ವನಿ, ಬ್ರಿಟನ್ನಿನಲ್ಲಿ ಮೊದಮೊದಲು ಗಂಡುಧ್ವನಿ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ, ಬೈದರೂ ನಗುವ ಸೇವಕಿಗೆ ಹೆಣ್ಣಿನ ಕಂಠವೇ ಏಕೆ ಎಂದು ಯುನೆಸ್ಕೋದ ವರದಿಯೊಂದು 2019ರಲ್ಲಿ ಕೇಳಿತು. ನಮ್ಮ ಅಳಿಯನೂ “ಇದರೊಳಗಿರುವವಳು” ಎಂದನೇ ಹೊರತು “ಇರುವವನು” ಎನ್ನಲಿಲ್ಲ. ನಾವೂ ಈ ಲೇಖನದುದ್ದಕ್ಕೂ ಹಾಗೆಯೇ ಬರೆಯುತ್ತಿದ್ದೇವೆ.

ಇನ್ನು ಭಾಷೆಯ ಮಾತು. ಗೂಗಲ್ 2017ರ ಆಗಸ್ಟಿನಲ್ಲಿ ಕನ್ನಡ, ಉರ್ದು ಸೇರಿದಂತೆ ಎಂಟು ಭಾರತೀಯ ಭಾಷೆಗಳಲ್ಲಿ ಬಾಯಿಮಾತಿನ ಹುಡುಕಾಟವನ್ನು ತಂದಿತು. ಅಕ್ಷರ ಬಾರದ ಹಿರಿಯರು ಫೋನಿಗೆ ಕನ್ನಡದಲ್ಲಿ ಕೇಳಿ ಉತ್ತರ ಪಡೆಯುವುದನ್ನು ನೋಡಿ ನಮಗೆ ಸಂತೋಷವಾದದ್ದುಂಟು. ಆದರೆ ಯಾವ ಕನ್ನಡ? ಪತ್ರಿಕೆಯ ಕನ್ನಡ ಅದಕ್ಕೆ ತಿಳಿಯುತ್ತದೆ. ಕಲಬುರ್ಗಿಯ, ಕುಂದಾಪುರದ ಮಾತಿಗೆ ತಡವರಿಸುತ್ತದೆ. ಇನ್ನು ನಮ್ಮ ಉಮ್ಮನ ಬಾಯಲ್ಲಿರುವುದು ಬ್ಯಾರಿ. ಕನ್ನಡ ಲಿಪಿಯಲ್ಲಿ ಬರೆಯುವ, ಬಹುಪಾಲು ಬಾಯಲ್ಲೇ ಬದುಕಿದ ನುಡಿ. ರಾಜ್ಯ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿದ್ದೇ 2007ರಲ್ಲಿ. ನೆರೆಯ ತುಳುವಿಗೆ 2024ರ ಜೂನಿನಲ್ಲಿ ಗೂಗಲ್‌ನ ಅನುವಾದದಲ್ಲಿ ಜಾಗ ಸಿಕ್ಕಿತು. ಅದೇ ಸಲ ಸೇರಿದ 110 ಭಾಷೆಗಳಲ್ಲಿ ಬ್ಯಾರಿಯಿರಲಿಲ್ಲ. ಕಿವಿಯಲ್ಲೇ ಅನುವಾದ ಮಾಡುವ ಇಯರ್‌ಬಡ್ಡನ್ನು ಗೂಗಲ್ 2017ರಲ್ಲಿ 40 ಭಾಷೆಗಳ ಭರವಸೆಯೊಂದಿಗೆ ಘೋಷಿಸಿತ್ತು. ಆಪಲ್ 2025ರ ಸೆಪ್ಟೆಂಬರಿನಲ್ಲಿ ಅದನ್ನು ಆರಂಭಿಸಿದಾಗ ಇದ್ದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಪೋರ್ಚುಗೀಸ್ ಮತ್ತು ಸ್ಪಾನಿಷ್. ಯಂತ್ರದೊಡನೆ ಮಾತಾಡುವಾಗ ನಮ್ಮ ಮನೆಯ ಮಕ್ಕಳು ತಾವಾಗಿ ಭಾಷೆ ಬದಲಿಸುವುದನ್ನು ನಾವು ನೋಡುತ್ತಿದ್ದೇವೆ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಉತ್ತರ ಬಾರದ ಭಾಷೆಯಲ್ಲಿ ಮಗು ಪ್ರಶ್ನೆ ಕೇಳುವುದಿಲ್ಲ, ಅಷ್ಟೇ.

ಕೆಲಸ ನಡೆಯುತ್ತಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜತೆ ಸೇರಿ 2022ರಲ್ಲಿ ‘ವಾಣಿ’ ಯೋಜನೆ ಘೋಷಿಸಿತು. 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತು ಸಂಗ್ರಹಿಸುವುದು ಗುರಿ. ಇದರ ಜಾಣತನವೆಂದರೆ ಇವರು ಭಾಷೆಗಳ ಪಟ್ಟಿ ಹಿಡಿದು ಹೊರಡಲಿಲ್ಲ, ಜಿಲ್ಲೆಗಳ ಪಟ್ಟಿ ಹಿಡಿದು ಹೊರಟರು. ಚಿತ್ರವೊಂದನ್ನು ತೋರಿಸಿ, ಇದರ ಬಗ್ಗೆ ನಿಮಗೆ ಬಂದಂತೆ ಹೇಳಿ ಎನ್ನುತ್ತಾರೆ. ಬಂದ ಮಾತೇ ಭಾಷೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳ ಹೆಂಗಸರಿಗೆ ಕನ್ನಡ ವಾಕ್ಯಗಳನ್ನು ಫೋನಿಗೆ ಓದುವ ಕೆಲಸ ಕೊಟ್ಟು, ಗಂಟೆಗೆ ಸುಮಾರು ಐದು ಡಾಲರಿನ ಲೆಕ್ಕದಲ್ಲಿ ಕೂಲಿ ಕೊಟ್ಟದ್ದು 2023ರಲ್ಲಿ ಜಗತ್ತಿನ ಗಮನ ಸೆಳೆಯಿತು. ಧ್ವನಿಗೂ ಬೆಲೆಯಿದೆಯೆಂದು ಅವರಿಗೆ ಹೇಳಿದವರು ಮೊದಲು ಯಾರೂ ಇರಲಿಲ್ಲ.

ಕೇಳಬಾರದ್ದನ್ನು ಕೇಳಿದ ಕಿವಿ

ಹೆಸರು ಕರೆದರೆ ಓಗೊಡುವ ಸೇವಕ ಕರೆಯುವ ಮೊದಲೂ ಕೇಳುತ್ತಿರಲೇಬೇಕಲ್ಲ? ಸಾಧನದೊಳಗಿನ ಸಣ್ಣ ಚಿಪ್ಪೊಂದು ಸದಾ ಎಚ್ಚರವಿದ್ದು, ಕಳೆದ ಒಂದೆರಡು ಸೆಕೆಂಡುಗಳ ಸದ್ದನ್ನು ತನ್ನ ಹೆಸರಿನೊಂದಿಗೆ ಹೋಲಿಸಿ ನೋಡಿ, ಹೊಂದದಿದ್ದರೆ ಎಸೆಯುತ್ತದೆ. ಹೊಂದಿತೆನಿಸಿದರೆ ಮುಂದಿನ ಮಾತನ್ನೆಲ್ಲ ಹಿಡಿದುಕೊಳ್ಳುತ್ತದೆ. ‘ಎನಿಸಿದರೆ’ ಎಂಬಲ್ಲಿಯೇ ತೊಡಕು. 2019ರ ಜುಲೈಯಲ್ಲಿ ಬೆಲ್ಜಿಯಮ್ಮಿನ ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಗೂಗಲ್ ಸಹಾಯಕಿಯ ಸಾವಿರಕ್ಕೂ ಹೆಚ್ಚು ಧ್ವನಿತುಣುಕುಗಳು ದೊರೆತವು. ಅವುಗಳಲ್ಲಿ 153 ಯಾರೂ ಕರೆಯದೆಯೇ ದಾಖಲಾದವು. ಅದೇ ತಿಂಗಳು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಸಿರಿ ತಪ್ಪಾಗಿ ಎಚ್ಚರಗೊಂಡು ಹಿಡಿದ ರೋಗಿ-ವೈದ್ಯರ ಮಾತುಗಳನ್ನೂ ದಂಪತಿಗಳ ಏಕಾಂತವನ್ನೂ ಗುತ್ತಿಗೆ ನೌಕರರು ಕೇಳುತ್ತಿದ್ದರೆಂದು ಬರೆಯಿತು. ಯಂತ್ರ ಸರಿಯಾಗಿ ಅರ್ಥಮಾಡಿಕೊಂಡಿತೇ ಎಂದು ಪರೀಕ್ಷಿಸುವುದು ಅವರ ಕೆಲಸ. ಆಪಲ್ ಆಗಸ್ಟಿನಲ್ಲಿ ಕ್ಷಮೆ ಕೇಳಿ, ಒಪ್ಪಿದವರ ಧ್ವನಿಯನ್ನು ಮಾತ್ರ ಹಾಗೆ ಬಳಸುವುದಾಗಿ ಹೇಳಿತು. ಆ ಕುರಿತ ಮೊಕದ್ದಮೆಯನ್ನು, ತಪ್ಪು ಒಪ್ಪಿಕೊಳ್ಳದೆಯೇ, 9.5 ಕೋಟಿ ಡಾಲರಿಗೆ ಮುಗಿಸಿಕೊಳ್ಳಲು 2025ರ ಜನವರಿಯಲ್ಲಿ ಸಮ್ಮತಿಸಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಖಾಸಗಿತನವೆಂದರೆ ಬಚ್ಚಿಡುವುದೆಂದು ಅನೇಕರ ಎಣಿಕೆ. ತಪ್ಪೇನೂ ಮಾಡದವನಿಗೆ ಭಯವೇಕೆ ಎಂದು ಕೇಳುವವರಿದ್ದಾರೆ. ಗೋಡೆಗೆ ಮುಖಮಾಡಿ ಕುಳಿತ ಉಮ್ಮ ಯಾವ ತಪ್ಪನ್ನು ಬಚ್ಚಿಡುತ್ತಿದ್ದರು?

ಅಳಿಯ ಮರಳುವ ಮುಂಚಿನ ವಾರ ಕಪಾಟಿನ ಮೇಲಿನ ಪೆಟ್ಟಿಗೆಯಲ್ಲಿ ಉಪ್ಪನ ಒಂದು ಕ್ಯಾಸೆಟ್ ಸಿಕ್ಕಿತು. ಪಟ್ಟಿಗೆ ಬೂಷ್ಟು ಹಿಡಿದಿತ್ತು. ಮಂಗಳೂರಿನಲ್ಲಿ ಬಲ್ಲವರ ಕೈಯಲ್ಲಿ ಸ್ವಚ್ಛಗೊಳಿಸಿ ಎರಡೂ ಬದಿಯನ್ನು ಫೋನಿಗೆ ಇಳಿಸಿ ತಂದ. ಮೊದಲ ಬದಿಯನ್ನು ಹಿಂದಿನಂತೆಯೇ ಎಲ್ಲರೂ ಕುಳಿತು ಕೇಳಿದೆವು. ಅದೇ ಏರ್‌ಕಂಡಿಷನರಿನ ಗುಂಯ್. ತಮ್ಮ ಹೆಸರು ಬಂದಾಗ ಉತ್ತರ ಕೊಡಬೇಕಾದವರಲ್ಲಿ ಅರ್ಧಕ್ಕರ್ಧ ಈಗ ಇಲ್ಲ. ಬದಿ ಮುಗಿದಾಗ ಉಮ್ಮ ಏನೂ ಹೇಳದೆ ಕೈ ಚಾಚಿದರು. ಅಳಿಯ ಅರ್ಥಮಾಡಿಕೊಂಡು ನಮ್ಮ ಇಯರ್‌ಬಡ್ಡುಗಳೆರಡನ್ನೂ ಆಕೆಯ ಕಿವಿಗಿಟ್ಟು, ಎರಡನೆಯ ಬದಿ ಹಾಕಿ, ಬಾಗಿಲು ಮುಂದೆ ಮಾಡಿದ. ನಾವೆಲ್ಲ ಜಗಲಿಗೆ ಬಂದೆವು.

ಐದು ನಿಮಿಷವಾಗಿರಬಹುದು. ಒಳಗಿನಿಂದ ಉಮ್ಮ ಗಾಬರಿಯಿಂದ ಕೂಗಿದರು, “ಮೋನೇ, ಇಲ್ಲಿ ಬಾ! ಇವರು ಮಾತಾಡುವಾಗ ಮಧ್ಯದಲ್ಲಿ ಯಾರೋ ಹೆಣ್ಣು ಬಂದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದಾಳೆ!” ಜಾರುತ್ತಿದ್ದ ಇಯರ್‌ಬಡ್ಡನ್ನು ಬೆರಳಿನಿಂದ ಒತ್ತಿ ಹಿಡಿದದ್ದೇ ತಡ, ಅವಳು ಎಚ್ಚರಗೊಂಡಿದ್ದಳು. ಅಳಿಯ ಒಳಗೆ ಹೋಗಿ ಫೋನಿನ ಸೆಟ್ಟಿಂಗಿನಲ್ಲಿ ಅವಳನ್ನು ನಿಲ್ಲಿಸಿದ. “ಇನ್ನು ಬರುವುದಿಲ್ಲ, ಉಮ್ಮಾ” ಎಂದ.

“ಹೋದಳು ಎಂದು ಹೇಗೆ ಗೊತ್ತು?” ಎಂದು ಕೇಳಿದರು ಉಮ್ಮ. ಮತ್ತೆ ಬದಿಯನ್ನು ಮೊದಲಿನಿಂದ ಹಾಕಿಸಿಕೊಂಡರು.